ಬಕೆಟ್ ರಾಯರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಬ್ಬ ಬಕೆಟ್ ರಾಯರು ಸಿಕ್ಕೇ ಸಿಗುತ್ತಾರೆ. ಜಯನಗರದಲ್ಲಾದರೆ ನಿವೃತ್ತ ಎಂಜಿನಿಯರ್, ವೈಟ್‌ಫೀಲ್ಡಿನಲ್ಲಾದರೆ ಕೆಲಸ ಬಿಟ್ಟ ಸಾಫ್ಟ್‌ವೇರ್ ಮ್ಯಾನೇಜರ್. ತಳಿ ಹಳೆಯದೇ. 2023ರ ಜುಲೈನಲ್ಲಿ ಟೊಮ್ಯಾಟೊ ಕೆಜಿಗೆ ನೂರು ರೂಪಾಯಿ ದಾಟಿದ ಮೇಲೆ ಸಂತತಿ ಹೆಚ್ಚಿತು, ಅಷ್ಟೆ. ತಾರಸಿಯ ಮೇಲೆ, ಹಿಡಿ ಮಣ್ಣೂ ಇಲ್ಲದೆ, ಬೇರನ್ನು ನೀರಿಗೇ ಇಳಿಬಿಟ್ಟು ಟೊಮ್ಯಾಟೊ ಬೆಳೆಯುವುದು ಇವರ ವ್ರತ. ಡೀಪ್ ವಾಟರ್ ಕಲ್ಚರ್ ಅಂತ ಅದಕ್ಕೆ ಹೆಸರು.

ವಿದ್ಯೆ ಸರಳ. ಬಕೆಟ್ಟಿನ ಮುಚ್ಚಳಕ್ಕೆ ತೂತು, ತೂತಿನಲ್ಲಿ ಜಾಲರಿ ಕುಂಡ, ಕುಂಡದ ತುಂಬ ಸುಟ್ಟ ಜೇಡಿಮಣ್ಣಿನ ಗೋಲಿ, ಕೆಳಗೆ ಗೊಬ್ಬರದ ಲವಣ ಕರಗಿದ ನೀರು, ಆ ನೀರಿನಲ್ಲಿ ಹಗಲೂ ರಾತ್ರಿ ಏರ್ ಪಂಪಿನ ಗುಳುಗುಳು. ಇಷ್ಟರಲ್ಲಿ ಜಗಳ ಆಡುವುದಕ್ಕೆ ಏನಿದೆ ಎಂದು ನಿಮಗನ್ನಿಸಬಹುದು. ಬಕೆಟ್ ಎಷ್ಟು ಲೀಟರಿನದು ಎಂದು ಒಮ್ಮೆ ಕೇಳಿ ನೋಡಿ. ಕಾಫಿ ಆರುತ್ತದೆ, ಮಾತು ಆರುವುದಿಲ್ಲ.

"ಲೆಟ್ಯೂಸಿಗೆ ಗಿಡಕ್ಕೆ 4 ಲೀಟರ್ ಧಾರಾಳ. ಟೊಮ್ಯಾಟೊಗೆ 20ಕ್ಕಿಂತ ಕಮ್ಮಿ ಅಂದ್ರೆ ನನ್ನ ಹತ್ರ ಮಾತಾಡಬೇಡಿ" ಎನ್ನುತ್ತಾರೆ ರಾಯರು. ಕಾರಣವೂ ಬರುತ್ತದೆ. ದೊಡ್ಡ ಟೊಮ್ಯಾಟೊ ಗಿಡ ಬೇಸಿಗೆಯಲ್ಲಿ ದಿನಕ್ಕೆ ಲೀಟರುಗಟ್ಟಲೆ ನೀರು ಎಳೆಯುತ್ತದೆ. ಡಬ್ಬ ಚಿಕ್ಕದಾದರೆ ನೀರು ಇಳಿದಂತೆ ಲವಣ ಗಟ್ಟಿಯಾಗುತ್ತದೆ, 5.5ರಿಂದ 6.5ರ ನಡುವೆ ತೆಪ್ಪಗಿರಬೇಕಾದ ಪಿಎಚ್ ಬೆಳಗಿಗೊಂದು ಸಂಜೆಗೊಂದು ಆಗುತ್ತದೆ. ಬಿಸಿಲಿಗೆ ಬೇಗ ಕಾಯುವುದೂ ಚಿಕ್ಕ ಡಬ್ಬವೇ. ಕಾದ ನೀರಿನಲ್ಲಿ ಆಮ್ಲಜನಕ ನಿಲ್ಲದು, ಬೇರು ಕಂದಾಗಿ ಕೊಳೆಯುತ್ತದೆ. ಇದೆಲ್ಲ ನೂರಕ್ಕೆ ನೂರು ನಿಜ, ತೊಂದರೆ ಇರುವುದೇ ಅಲ್ಲಿ. ತಪ್ಪು ಹೇಳುವವರಿಂದ ತಪ್ಪಿಸಿಕೊಳ್ಳಬಹುದು, ಸರಿ ಹೇಳುವವರು ಗೇಟಿನವರೆಗೂ ಬರುತ್ತಾರೆ.

ಇಷ್ಟು ತಿಳಿದವರು ಅಂಗಡಿಗೆ ಹೋಗಿ 20 ಲೀಟರಿನ ಬಕೆಟ್ ತಂದುಬಿಡಬಹುದಲ್ಲ? ಊಹೂಂ. ದುಡ್ಡು ಕೊಟ್ಟು ಬಕೆಟ್ ತರುವುದು ಅವರ ಜಾಯಮಾನದಲ್ಲೇ ಇಲ್ಲ. ಬೀದಿಯಲ್ಲಿ ಯಾರದಾದರೂ ಮನೆಗೆ ಸುಣ್ಣಬಣ್ಣ ಶುರುವಾದರೆ ಮೊದಲ ದಿನವೇ ಹೋಗಿ ಖಾಲಿ ಪೇಂಟ್ ಡಬ್ಬಕ್ಕೆ ಟವೆಲ್ ಹಾಕಿ ಬರುತ್ತಾರೆ. ಕಳೆದ ಸಲ ಒಂದು ಮದುವೆಯಲ್ಲಿ ಅವರ ಪಕ್ಕದ ಎಲೆ ನನ್ನದು. ಹುಡುಗ ಮಜ್ಜಿಗೆ ಬಡಿಸಲು ಬಂದ. ರಾಯರು ಬಕೆಟ್ಟಿನ ಹೊಟ್ಟೆಯನ್ನು ಬೆರಳಿನಿಂದ ಟಕಟಕ ತಟ್ಟಿ, ತಳದ ತ್ರಿಕೋನದಲ್ಲಿ 2 ಎಂಬ ಅಂಕಿ ಇದೆಯೇ ನೋಡಲು ಅದನ್ನು ಓರೆ ಮಾಡಿದರು. 2 ಇದ್ದರೆ ಎಚ್‌ಡಿಪಿಇ ಪ್ಲಾಸ್ಟಿಕ್, ಗಿಡಕ್ಕೆ ನಿರಪಾಯ. 2 ಇತ್ತು. ಮಜ್ಜಿಗೆ ನನ್ನ ಪಂಚೆಯ ಮೇಲಿತ್ತು.

ಹೀಗಾಗಿ ಡಬ್ಬ ಮೊದಲು ಬರುತ್ತದೆ, ಸಿದ್ಧಾಂತ ಹಿಂದಿನಿಂದ ಬರುತ್ತದೆ. 10 ಲೀಟರಿನದು ಸಿಕ್ಕರೆ ಆ ವಾರವೆಲ್ಲ "ಚಿಕ್ಕದಾದ್ರೆ ನೀರು ಬದಲಾಯಿಸೋಕೆ ಸಲೀಸು, ಲವಣದ ಖರ್ಚೂ ಅರ್ಧ" ಎಂಬ ಉಪನ್ಯಾಸ. ಮುಂದಿನ ವಾರ ಯಾರೋ 200 ಲೀಟರಿನ ನೀಲಿ ಡ್ರಮ್ ದಯಪಾಲಿಸಿದರೆ "ನೀರು ಹೆಚ್ಚಿದ್ದಷ್ಟೂ ಗಿಡಕ್ಕೆ ನೆಮ್ಮದಿ ಕಣ್ರೀ." ಡ್ರಮ್ಮೇನೋ ತಾರಸಿಗೆ ಏರಿತು. ತುಂಬಿದರೆ ಎರಡು ಕ್ವಿಂಟಲ್ ಭಾರ, ಅದು ಕೂತಿರುವುದು ತಮ್ಮ ಮಂಚದ ಮೇಲ್ಗಡೆಯೇ ಎಂದು ಗೊತ್ತಾದ ದಿನ ಕೆಳಗಿನ ಬಾಡಿಗೆಯವರು ಹಾಲ್‌ನಲ್ಲಿ ಮಲಗಿದರು.

ಪೇಂಟ್ ಬಕೆಟ್ ಬಿಳಿಯದು, ಬೆಳಕು ಒಳಗೆ ತೂರಿ ಪಾಚಿ ಕಟ್ಟುತ್ತದೆ. ಅದಕ್ಕೆ ಮೊದಲು ಕಪ್ಪು ಬಳಿಯಬೇಕು. ಕಪ್ಪು ಬಿಸಿಲು ಹೀರುತ್ತದಲ್ಲ, ಅದರ ಮೇಲೆ ಮತ್ತೆ ಬಿಳಿ ಬಳಿಯಬೇಕು. ಪುಕ್ಕಟೆ ಬಕೆಟ್ಟಿಗೆ ಬಿದ್ದ ಬಣ್ಣದ ದುಡ್ಡಿನಲ್ಲಿ ಎರಡು ಹೊಸ ಬಕೆಟ್ ಬರುತ್ತಿತ್ತು ಎಂದು ಮನೆಯಾಕೆ ಲೆಕ್ಕ ಒಪ್ಪಿಸುತ್ತಾರೆ, ರಾಯರು ಕೇಳಿಸಿಕೊಳ್ಳುವುದಿಲ್ಲ. ಏಪ್ರಿಲ್ ಬಂತೆಂದರೆ ನೀರು ತಂಪಾಗಿಡಲು ಬಾಟಲಿಗಟ್ಟಲೆ ಐಸ್ ಬೇಕು. ಫ್ರೀಜರಿನ ತುಂಬ ಗಿಡಗಳದೇ ಬಾಟಲಿ. ಮೊಮ್ಮಕ್ಕಳ ಐಸ್‌ಕ್ರೀಮ್ ಕೆಳಗಿನ ತಟ್ಟೆಗೆ ಇಳಿದು ಪಾಯಸವಾಗುತ್ತದೆ. ಕರೆಂಟ್ ಹೋದರೆ ಇನ್ವರ್ಟರ್ ಮೊದಲು ಪಂಪಿಗೆ. ಆ ಪಂಪ್ ತಿನ್ನುವುದು ಫ್ಯಾನಿನ ಹತ್ತರಲ್ಲೊಂದು ಪಾಲು ಕರೆಂಟನ್ನೂ ಅಲ್ಲ, ಆದರೂ ಬಂದ ನೆಂಟರು ಬೆವರುತ್ತಾ ಕೂರಬೇಕು.

ಪಂಪೇ ಇಲ್ಲದೆ, ನೀರು ಇಳಿದಂತೆ ಮೇಲಿನ ಬೇರು ಗಾಳಿ ಕುಡಿಯುವ ಹಾಗೆ ಬೆಳೆಸುವ ಉಪಾಯವನ್ನು ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಎಂಬವರು ತೋರಿಸಿಕೊಟ್ಟಿದ್ದಾರೆ. ಅವರ ಹೆಸರೆತ್ತಿದರೆ ರಾಯರ ಮುಖ ಸಿಂಡರಿಸುತ್ತದೆ. ರಾಯರ ಆರಾಧ್ಯದೈವ 1930ರ ದಶಕದಲ್ಲೇ ಬರ್ಕ್ಲಿಯಲ್ಲಿ ನೀರಿನಲ್ಲಿ ಗಿಡ ಬೆಳೆಸಿದ ಗೆರಿಕೆ. ಆತ ಏಣಿ ಹತ್ತಿ ಟೊಮ್ಯಾಟೊ ಕೊಯ್ಯುತ್ತಿದ್ದನಂತೆ. ರಾಯರೂ ಏಣಿ ತಂದಿಟ್ಟಿದ್ದಾರೆ. ಸದ್ಯ ಅದರ ಮೇಲೆ ಟವೆಲ್ ಒಣಗುತ್ತಿರುತ್ತದೆ.

2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಬತ್ತಿ, ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ರಾಯರು ಜಗ್ಗಲಿಲ್ಲ. "ಮಣ್ಣೇ ಇಲ್ಲದ ಮೇಲೆ ತೋಟ ಹೇಗಾಯ್ತು ಸ್ವಾಮಿ?" ಎಂದು ಗೇಟಿನಲ್ಲಿ ನಿಂತು ವಾದಿಸಿದರು. ಕೇಳಲು ಬಂದವನು ಕೊರಿಯರ್ ಹುಡುಗ.

ಫಸಲು ಬರುವುದಿಲ್ಲವೆಂದಲ್ಲ, ಬರುತ್ತದೆ. ಮೊದಲ ಹಣ್ಣು ಕೆಂಪಾದ ದಿನ ಬೀದಿಗೆಲ್ಲ ದರ್ಶನ. ಅದನ್ನು ಸಾರಿಗೆ ಹಾಕಲು ಅವರಿಗೆ ಮನಸ್ಸಿಲ್ಲ, ಸಾರಿಗೆ ಟೊಮ್ಯಾಟೊ ಗಾಡಿಯವನಿಂದಲೇ.

ಮೊನ್ನೆ ನಮ್ಮ ಬೀದಿಯಲ್ಲೊಂದು ಗೃಹಪ್ರವೇಶ. ಹೆಂಗಸರು ದೇವರಮನೆ ನೋಡುತ್ತಿದ್ದರು, ಗಂಡಸರು ಸೈಟಿನ ಬೆಲೆ ಮಾತಾಡುತ್ತಿದ್ದರು. ರಾಯರು ಮಾತ್ರ ಅಂಗಳದಲ್ಲಿ ಮಂಡಿಯೂರಿ, ಸಂಪಿನ ಮುಚ್ಚಳ ಸರಿಸಿ, ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ಇಣುಕುತ್ತಿದ್ದರು.

"8000 ಲೀಟರ್ ಇರಬಹುದಲ್ವಾ?" ಎಂದರು ಕಂಟ್ರಾಕ್ಟರಿಗೆ.

"10000 ಸಾರ್."

ರಾಯರು ಜೇಬಿನಿಂದ ಟೇಪ್ ತೆಗೆದು ಮುಚ್ಚಳದ ಅಗಲ ಅಳೆಯತೊಡಗಿದರು. "ಇದರಲ್ಲಿ ಎಷ್ಟು ತೂತು ಕೊರೆಯಬಹುದು?"