ಬೀಗ ಹಾಕುವ ವಿದ್ಯೆ

ಏಪ್ರಿಲ್ ಬಂತೆಂದರೆ ಜಯನಗರ, ಜೆ.ಪಿ. ನಗರ, ಬನಶಂಕರಿಯ ಅಡ್ಡರಸ್ತೆಗಳಲ್ಲಿ ಮನೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತದೆ. ಮಗಳ ಬಾಣಂತನಕ್ಕೋ, ಮಗನ ಹುಲ್ಲುಹಾಸಿಗೆ ನೀರು ಬಿಡಲಿಕ್ಕೋ ಹಿರಿಯರೆಲ್ಲ ಅಮೆರಿಕಕ್ಕೆ ಹೊರಡುವ ಕಾಲ. ಅಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಆ ಆರು ತಿಂಗಳು ಇಲ್ಲಿನ ಮನೆಯನ್ನು ಕೆಡದಂತೆ ಮಲಗಿಸಿಡುವ ವಿದ್ಯೆಯಲ್ಲಿ ದಕ್ಷಿಣ ಬೆಂಗಳೂರಿನ ಗೃಹಿಣಿಯರನ್ನು ಮೀರಿಸಿದವರಿಲ್ಲ.

ನಮ್ಮ ಮನೆಯಲ್ಲಿ ಹೊರಡುವುದಕ್ಕೆ ವಾರಗಟ್ಟಲೆ ಮುಂಚೆಯೇ ಡಬ್ಬಿ ಖಾಲಿ ಮಾಡುವ ಅಭಿಯಾನ ಶುರು. ಇದ್ದ ರವೆಗೆ ಹುಳ ಬೀಳಬಾರದೆಂದು ದಿನಾ ಉಪ್ಪಿಟ್ಟು. ಒಂದು ಹಂತದಲ್ಲಿ ದೇಶ ಬಿಡುವ ಮನಸ್ಸು ತಾನಾಗಿಯೇ ಬರುತ್ತದೆ. ಆಮೇಲೆ ಗ್ಯಾಸಿನ ರೆಗ್ಯುಲೇಟರ್ ಕಳಚುವುದು, ಫ್ರಿಜ್ ಒರೆಸಿ ಬಾಗಿಲು ತೆರೆದಿಡುವುದು, ಸೊಳ್ಳೆ ಮರಿ ಮಾಡದಂತೆ ಬಕೆಟ್ಟುಗಳನ್ನು ಬೋರಲು ಹಾಕುವುದು. ಇಲಿ ವೈರು ಕಡಿಯದಿರಲೆಂದು ಕಾರಿನ ಬಾನೆಟ್ಟಿನೊಳಗೆ ಹೊಗೆಸೊಪ್ಪು. ಜನ್ಮದಲ್ಲಿ ಬೀಡಿ ಮುಟ್ಟದ ನಾನು ಅಂಗಡಿಯ ಮುಂದೆ ನಿಂತು ಹೊಗೆಸೊಪ್ಪು ಕೇಳುವಾಗ ಬೀದಿಯವರೆಲ್ಲ ಅಲ್ಲೇ ಇರುತ್ತಾರೆ.

ಕೊನೆಯ ಕೆಲಸವೇ ನಮ್ಮವಳ ಬ್ರಹ್ಮಾಸ್ತ್ರ. ಬಚ್ಚಲ ಕಂಡಿಯ ಕೆಳಗೆ ಬಾಗಿದ ಪೈಪಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದೆ. ಚರಂಡಿಯ ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಆ ನೀರೇ. ಮನೆ ಬೀಗ ಹಾಕಿದರೆ ಅದು ಆರಿಹೋಗಿ, ಜಿರಲೆಗಳಿಗೆ ರಾಜಬೀದಿ ತೆರೆದಂತಾಗುತ್ತದೆ. ಅದಕ್ಕೆ ಹೊರಡುವ ರಾತ್ರಿ, ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿರುವಾಗ, ಅವಳು ಪ್ರತಿ ಕಂಡಿಗೂ ಒಂದು ಚೊಂಬು ನೀರು ಸುರಿದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡುತ್ತಾಳೆ. ಎಣ್ಣೆ ಮೇಲೆ ತೇಲಿ ನೀರು ಆವಿಯಾಗದಂತೆ ಕಾಯುತ್ತದೆ. ಜಿರಲೆಗೂ ಒಗ್ಗರಣೆಯೇ ಎಂದು ನಾನು ಅಂದದ್ದಕ್ಕೆ ವಿಮಾನ ನಿಲ್ದಾಣದವರೆಗೆ ಮಾತಿಲ್ಲ.

ಇಂಥವಳ ಮಗ ಮಿನ್ನೆಸೋಟದಲ್ಲಿ ಹಳೆಯದೊಂದು ವಿನ್ನೆಬಾಗೊ ಮೋಟಾರುಮನೆ ಕೊಂಡ. 1958ರಲ್ಲಿ ಅಯೋವಾದ ಫಾರೆಸ್ಟ್ ಸಿಟಿಯಲ್ಲಿ ಶುರುವಾದ ಕಂಪನಿ ಅದು. ಒಲೆ, ಹಾಸಿಗೆ, ಕಕ್ಕಸ್ಸು ಎಲ್ಲವೂ ಚಕ್ರದ ಮೇಲೆ. ಒಲೆಗೂ ಕಕ್ಕಸ್ಸಿಗೂ ಮೂರು ಅಡಿ ಅಂತರ ಎಂದು ಗೊತ್ತಾದ ಮೇಲೆ ಅದರಲ್ಲಿ ಕೂತು ಇವಳು ಕಾಫಿಯನ್ನೂ ಕುಡಿಯಲಿಲ್ಲ. ಬೇಸಿಗೆಯಲ್ಲಿ ಅಷ್ಟಿಷ್ಟು ಓಡಾಡುವ ಗಾಡಿ, ಚಳಿಗಾಲ ಪೂರ್ತಿ ನಿಂತಲ್ಲೇ ನಿಲ್ಲಬೇಕು. ಸೊನ್ನೆಯ ಕೆಳಗೆ ಇಪ್ಪತ್ತು, ಮೂವತ್ತು ಡಿಗ್ರಿಯ ಚಳಿ. ಪೈಪಿನಲ್ಲಿ ನೀರು ಉಳಿದರೆ ಹೆಪ್ಪುಗಟ್ಟಿ, ಹಿಗ್ಗಿ, ಪೈಪನ್ನೇ ಸೀಳುತ್ತದೆ.

ಅಕ್ಟೋಬರಿನಲ್ಲಿ ನಾವು ಜಯನಗರಕ್ಕೆ ಮರಳಿ ಮನೆಯ ಧೂಳು ಹೊಡೆಯುತ್ತಿದ್ದ ದಿನಗಳಲ್ಲೇ ಅವನ ಗಾಡಿ ಮಲಗಿಸುವ ಕೆಲಸ. ಅವನ ಬೆಳಿಗ್ಗೆ, ನಮ್ಮ ರಾತ್ರಿ. ವಿಡಿಯೊ ಕರೆಯಲ್ಲಿ ಅವನು ಗುಲಾಬಿ ಬಣ್ಣದ ದ್ರಾವಣದ ಕ್ಯಾನು ತೋರಿಸಿ, "ಟ್ಯಾಂಕೆಲ್ಲ ಖಾಲಿ ಮಾಡಿ ಇದನ್ನ ಪೈಪಿಗೆ ಪಂಪ್ ಮಾಡ್ತೀನಮ್ಮ, ಪ್ರೊಪಿಲೀನ್ ಗ್ಲೈಕಾಲ್, ಹೆಪ್ಪುಗಟ್ಟಲ್ಲ" ಎಂದ.

"ಉಪ್ಪಿನಕಾಯಿ ರಸ ಫ್ರೀಜರ್‌ನಲ್ಲಿಟ್ರೂ ಸುಲಭಕ್ಕೆ ಕಲ್ಲಾಗಲ್ವಲ್ಲ, ಹಾಗೆ" ಎಂದಳು ಇವಳು, ನನಗೆ ಅರ್ಥವಾಗಲೆಂದು. ನಲ್ಲಿಗಳಲ್ಲೆಲ್ಲ ಶರಬತ್ತಿನಂಥ ಗುಲಾಬಿ ನೀರು ಇಳಿದದ್ದನ್ನು ನೋಡಿದೆವು.

"ಸಿಂಕಿನ ಕಂಡಿಗೆ?"

"ಅಲ್ಲಿಗೂ ಒಂದು ಲೋಟ ಇದನ್ನೇ ಸುರೀಬೇಕಂತೆ, ಬಾಗಿದ ಪೈಪಲ್ಲಿ ನೀರು ನಿಂತಿರುತ್ತಲ್ಲ."

ಇವಳು ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಅಲ್ಲಿಂದ ಮುಂದೆ ಮೇಲ್ವಿಚಾರಣೆ ಪೂರ್ತಿ ಜಯನಗರದ್ದು. ಫ್ರಿಜ್ ಬಾಗಿಲು ತೆರೆದಿಟ್ಟೆಯಾ? ಗ್ಯಾಸು? ಬ್ಯಾಟರಿ? ಪೂರ್ತಿ ಚಾರ್ಜಾದ ಬ್ಯಾಟರಿ ಆ ಚಳಿಯನ್ನೂ ತಡೆಯುತ್ತದೆ, ಖಾಲಿಯಾದದ್ದು ಹೆಪ್ಪುಗಟ್ಟಿ ಒಡೆಯುತ್ತದೆ ಎಂದು ಅವನು ಅದನ್ನು ಕಳಚಿ ನೆಲಮಾಳಿಗೆಗೆ ಒಯ್ದಿದ್ದ. ಇಲಿಗೆ? ಪೈಪು ಹಾಯುವ ತೂತುಗಳಿಗೆಲ್ಲ ಉಕ್ಕಿನ ನಾರು ತುರುಕಿ, ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಘಮಘಮ ಹಾಳೆಗಳನ್ನು ಅಲ್ಲಲ್ಲಿ ಹರಡಿದ್ದ. "ಹೊಗೆಸೊಪ್ಪು ಸಿಗಲ್ವಾ?" ಎಂದಳು.

ಗಾಡಿ ನಿಲ್ಲಿಸಲು ಅವನು ಬಾಡಿಗೆಗೆ ಹಿಡಿದದ್ದು ಕೌಂಟಿ ಜಾತ್ರೆ ಮೈದಾನದ ಶೆಡ್ಡು. ಬೇಸಿಗೆಯ ಜಾತ್ರೆಯಲ್ಲಿ ದನಗಳ ಸ್ಪರ್ಧೆ ನಡೆಯುವ ಜಾಗ, ಚಳಿಗಾಲದಲ್ಲಿ ದೋಣಿ, ಮೋಟಾರುಮನೆಗಳ ಕೊಟ್ಟಿಗೆ. ಟೈರಿನಡಿ ಹಲಗೆ ಕೊಟ್ಟು, ಎಲ್ಲ ಮುಗಿಯಿತೆಂದು ಅವನು ಕೈ ಒರೆಸಿಕೊಂಡ.

"ನಿಂಬೆಹಣ್ಣು?"

"ಅಮ್ಮಾ, ಅದು ಗಾಡಿ ಹೊರಡಿಸೋವಾಗ."

"ಆಯುಧಪೂಜೆ ದಿನ ನೀನು ಆಫೀಸಲ್ಲಿದ್ದೆ. ಈಗ ಇಡು."

ಹಿಂದೆ ಜೋಡಿ ಚಕ್ರ, ಒಟ್ಟು ಆರು. ಆರು ನಿಂಬೆಹಣ್ಣು ಇಡುವಾಗ ಪಕ್ಕದ ಗಾಡಿಯ ಮುದುಕ ಬಂದು, ಇದು ಇಲಿಗಾ ಎಂದು ಕೇಳಿದನಂತೆ. ವಿವರಿಸುವಷ್ಟು ಪುರುಸೊತ್ತಿಲ್ಲದೆ ಮಗ ಹೌದೆಂದ. ಮುಂದಿನ ವಾರ ಹೋಗಿ ನೋಡಿದರೆ ಸಾಲಿನ ಮೂರು ಗಾಡಿಗಳ ಟೈರಿನ ಮುಂದೆ ನಿಂಬೆಹಣ್ಣು.

ಸುದ್ದಿ ಕೇಳಿ ನಾನು ನಕ್ಕೆ. ಇವಳು ನಗಲಿಲ್ಲ. "ಬರೀ ಇಟ್ಟರೆ ಏನು ಬಂತು, ಏಪ್ರಿಲ್‌ನಲ್ಲಿ ಅದರ ಮೇಲೇ ಗಾಡಿ ಹತ್ತಿಸಿ ಜಜ್ಜಬೇಕು ಅಂತ ಆ ತಾತನಿಗೆ ಹೇಳಿದ್ಯಾ ಇಲ್ವಾ?" ಎಂದಳು.