ಅಡಾಸ್ ಮೀಮಾಂಸೆ ಅಥವಾ ಕಾರು ಕಂಡ ಜಗತ್ತು

ಗ್ರಂಥಾರಂಭ

ತಿಳಿವು ಯಾವುದರಿಂದ ಹುಟ್ಟುತ್ತದೆ ಎಂಬ ವಿಷಯದಲ್ಲಿ ನಮ್ಮ ದರ್ಶನಕಾರರು ಒಬ್ಬರ ಮಾತನ್ನು ಒಬ್ಬರು ಒಪ್ಪಿದವರಲ್ಲ. ಚಾರ್ವಾಕರಿಗೆ ಪ್ರತ್ಯಕ್ಷವೊಂದೇ ಸಾಕು. ಉಡುಪಿಯ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರಕ್ಕೆ ನಿಲ್ಲಿಸಿದರು. ನೈಯಾಯಿಕರು ನಾಲ್ಕೆಂದರು, ಭಾಟ್ಟ ಮೀಮಾಂಸಕರು ಆರಕ್ಕೆ ಏರಿಸಿದರು. ಇಷ್ಟೆಲ್ಲ ವಾದ ನಡೆದರೂ ಒಂದು ಪ್ರಶ್ನೆ ಹಾಗೇ ಉಳಿದುಹೋಗಿದೆ: ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರು ತನ್ನ ಎದುರಿಗಿರುವುದು ಏನೆಂದು ಯಾವ ಪ್ರಮಾಣದಿಂದ ತಿಳಿಯುತ್ತದೆ?

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧ ಬೇಕಷ್ಟೆ. ವಿಷಯ: ಅಡಾಸ್ ಎಂಬ ಚಾಲಕ ಸಹಾಯ ವ್ಯವಸ್ಥೆಗೆ ಕಾಣುವುದು ಮತ್ತು ಕಾಣದಿರುವುದು. ಪ್ರಯೋಜನ: ಬಂಪರ್ ಉಳಿಯುವುದು. ಸಂಬಂಧ: ಚಕ್ರಕ್ಕೂ ಗುಂಡಿಗೂ ಇರುವಂಥದ್ದು. ಅಧಿಕಾರಿ: ಏಳು ವರ್ಷದ ಕಂತಿಗೆ ಸಹಿ ಹಾಕಿದವನು.

ಪೂರ್ವಪಕ್ಷ

ಶೋರೂಮ್ ಮತದ ಆಚಾರ್ಯರು ಟೈ ಕಟ್ಟಿಕೊಂಡು ಹೀಗೆ ವಾದಿಸುತ್ತಾರೆ: "ಲೆವೆಲ್ ಟೂ ಅಡಾಸ್ ಇದೆ ಸರ್. ನೀವು ಆರಾಮಾಗಿ ಕೂತ್ಕೊಳ್ಳಿ, ಮಿಕ್ಕಿದ್ದು ಗಾಡೀನೇ ನೋಡ್ಕೊಳ್ಳುತ್ತೆ."

ಇದಕ್ಕೆ ಉತ್ತರ. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ಈ ಮೆಟ್ಟಿಲುಗಳನ್ನು 0ಯಿಂದ 5ರವರೆಗೆ ಎಣಿಸಿದೆ. ಎರಡನೆಯ ಮೆಟ್ಟಿಲಲ್ಲಿ ಕಾರು ಸ್ಟೀರಿಂಗನ್ನೂ ವೇಗವನ್ನೂ ಹಿಡಿಯಬಹುದು. ರಸ್ತೆ ನೋಡುತ್ತಿರುವ ಕೆಲಸ ಮಾತ್ರ ಪೂರ್ತಿ ಚಾಲಕನದೇ. ಹಾಗಾಗಿ "ಗಾಡೀನೇ ನೋಡ್ಕೊಳ್ಳುತ್ತೆ" ಎಂಬ ಮಾತು ಮೊದಲ ಹೆಜ್ಜೆಯಲ್ಲೇ ಬಿದ್ದುಹೋಯಿತು. ಗಾಡಿ ನೋಡುತ್ತದೆ. ಅದು ನೋಡಿದ್ದನ್ನು ನಾವು ನೋಡಿಕೊಳ್ಳಬೇಕು.

ಪ್ರತ್ಯಕ್ಷ ಖಂಡ

ಒಳಗಿನ ಕನ್ನಡಿಯ ಹಿಂದೆ, ಮುಂಗಾಜಿಗೆ ಅಂಟಿಕೊಂಡು ಕೂತ ಕ್ಯಾಮೆರಾವೇ ಕಾರಿನ ಕಣ್ಣು. ಸಂಜೆ ಪಡುವಣಕ್ಕೆ ಹೊರಟರೆ ಬಿಸಿಲು ನೇರ ಕಣ್ಣಿಗೆ ಹೊಡೆದು ಅದಕ್ಕೆ ಎದುರಿನದೇನೂ ಕಾಣದು. ಆಗುಂಬೆಯಲ್ಲಿ ಮಳೆ, ಚಾರ್ಮಾಡಿಯಲ್ಲಿ ಮಂಜು. ಗಾಜು ಒಡೆದು ಹೊಸದು ಹಾಕಿಸಿದರೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಬೇಕು. ಒಂದೇ ಒಂದು ಡಿಗ್ರಿ ವಾಲಿದರೂ 50 ಮೀಟರ್ ಮುಂದೆ ಸುಮಾರು 87 ಸೆಂಟಿಮೀಟರ್ ವ್ಯತ್ಯಾಸ ಬೀಳುತ್ತದೆ. ನಮ್ಮಲ್ಲಿ ಅಷ್ಟು ಜಾಗದಲ್ಲಿ ಒಂದು ಸ್ಕೂಟರ್, ಅದರ ಮೇಲೊಂದು ಸಂಸಾರ ಹೋಗುತ್ತಿರುತ್ತದೆ.

ಕಾಣದಿರುವುದಕ್ಕಿಂತ ಒಂದನ್ನು ಇನ್ನೊಂದಾಗಿ ಕಾಣುವುದು ದೊಡ್ಡ ದೋಷ. ಚಿಪ್ಪನ್ನು ಬೆಳ್ಳಿಯೆಂದು ತಿಳಿಯುವ ಇದನ್ನು ನೈಯಾಯಿಕರು ಅನ್ಯಥಾಖ್ಯಾತಿ ಎಂದರು. 2021ರಲ್ಲಿ ಅಮೆರಿಕದಲ್ಲೊಂದು ಟೆಸ್ಲಾ ಕಾರು ಬಾನಂಚಿನ ಹಳದಿ ಚಂದ್ರನನ್ನು ಸಿಗ್ನಲ್ಲಿನ ಹಳದಿ ದೀಪವೆಂದು ತಿಳಿಯಿತು. ನಮ್ಮ ಕವಿಗಳು ಚಂದ್ರನನ್ನು ಏನೇನೋ ಮಾಡಿದ್ದಾರೆ, ಟ್ರಾಫಿಕ್ ಇಲಾಖೆಗೆ ಮಾತ್ರ ಸೇರಿಸಿರಲಿಲ್ಲ. 2020ರಲ್ಲಿ ಮ್ಯಾಕಫಿ ಸಂಸ್ಥೆಯ ಸಂಶೋಧಕರು 35 ಎಂಬ ವೇಗಮಿತಿ ಫಲಕದ ಮೂರಕ್ಕೆ ತುಂಡು ಕಪ್ಪು ಟೇಪು ಅಂಟಿಸಿದರು. ಕಾರು ಅದನ್ನು 85 ಎಂದು ಓದಿ ವೇಗ ಏರಿಸತೊಡಗಿತು. ಟೇಪು ಹಚ್ಚುವುದೇನು ಬಂತು, ನಮ್ಮಲ್ಲಿ ಫಲಕದ ಮೇಲೆ ಟ್ಯೂಷನ್ ಕ್ಲಾಸಿನ ಪೋಸ್ಟರೇ ಇರುತ್ತದೆ.

ವೋಲ್ವೋ ಕಂಪನಿ ಸ್ವೀಡನ್ನಿನಲ್ಲಿ ಮೂಸ್ ಎಂಬ ದೊಡ್ಡ ಕಡವೆಯನ್ನು ಗುರುತಿಸುವ ವ್ಯವಸ್ಥೆ ಮಾಡಿತು. ಆಸ್ಟ್ರೇಲಿಯಾದ ಕಾಂಗರೂ ಅದನ್ನು ಕಂಗಾಲು ಮಾಡಿತೆಂದು 2017ರಲ್ಲಿ ಕಂಪನಿಯವರೇ ಹೇಳಿದರು. ಕಾರು ದೂರವನ್ನು ಅಳೆಯುತ್ತಿದ್ದುದು ನೆಲವನ್ನು ಆಧಾರವಾಗಿಟ್ಟುಕೊಂಡು. ಕಾಂಗರೂ ನೆಗೆದಾಗ ದೂರ ಹೋದಂತೆಯೂ ನೆಲಕ್ಕಿಳಿದಾಗ ಹತ್ತಿರ ಬಂದಂತೆಯೂ ಅದಕ್ಕೆ ತೋರಿತು. ಮಂಡ್ಯದ ಕಡೆ ಕಬ್ಬಿನ ಟ್ರಾಕ್ಟರ್ ನೆಗೆಯುವುದಿಲ್ಲ ನಿಜ. ಆದರೆ ಅದಕ್ಕೆ ಹಿಂದಿನ ದೀಪ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಟ್ರೇಲರ್ ದಾಟಿ ಮಾರುದ್ದ ಚಾಚಿದ ಸೋಗೆ ಇದೆ. ವಾಹನದ ಬೆನ್ನೆಂದರೆ ಹೀಗಿರುತ್ತದೆಂದು ಕಲಿತುಬಂದ ಕ್ಯಾಮೆರಾ ಇದನ್ನು ವಾಹನವೆನ್ನಬೇಕೋ ಗದ್ದೆಯೆನ್ನಬೇಕೋ?

ಅನುಪಲಬ್ಧಿ ಖಂಡ

ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುವುದು ಅನುಪಲಬ್ಧಿ. ಇದ್ದಿದ್ದರೆ ಕಾಣಬೇಕಿತ್ತು ಎನ್ನುವಂಥ ವಸ್ತುವಿಗೆ ಮಾತ್ರ ಇದು ಅನ್ವಯಿಸುತ್ತದೆಂದು ಮೀಮಾಂಸಕರು ಷರತ್ತು ಹಾಕಿದರು. ರೇಡಾರ್ ಮತದಲ್ಲಿ ಷರತ್ತೇ ತಿರುವುಮುರುವು. ಅಲ್ಲಿ ಗಡಿಗೆ ಕಂಡರೂ, ಅದು ಅಲುಗಾಡದಿದ್ದರೆ, ಇಲ್ಲ.

ಕಾರಣ ಹೀಗಿದೆ. 77 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ಬಿಟ್ಟು, ಮರಳಿದ ಅಲೆಯ ವ್ಯತ್ಯಾಸದಿಂದ ರೇಡಾರ್ ವೇಗ ಅಳೆಯುತ್ತದೆ. ರಸ್ತೆಯಲ್ಲಿ ನಿಂತೇ ಇರುವ ಮ್ಯಾನ್‌ಹೋಲ್ ಮುಚ್ಚಳ, ಮೇಲ್ಸೇತುವೆ, ಫಲಕಗಳೆಲ್ಲ ಅದಕ್ಕೆ ಕಾಣುತ್ತವೆ. ಪ್ರತಿಯೊಂದಕ್ಕೂ ಬ್ರೇಕ್ ಹಾಕಿದರೆ ಪ್ರಯಾಣ ಮುಗಿಯುವುದಿಲ್ಲ. ಆದ್ದರಿಂದ ನಿಂತ ವಸ್ತುಗಳ ಪ್ರತಿಧ್ವನಿಗೆ ತಂತ್ರಾಂಶ ಬೆಲೆ ಕಡಿಮೆ ಕೊಡುತ್ತದೆ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಯೂ ಆ ಲೆಕ್ಕಕ್ಕೆ ಸೇರಿಬಿಡಬಹುದು. ಲಾರಿಯವರು ಸೂಚನೆಗೆಂದು ಹಿಂದೆ ಸಾಲಾಗಿ ನಾಲ್ಕು ಕಲ್ಲಿಟ್ಟು ಹೊಂಗೆ ಸೊಪ್ಪು ಸಿಕ್ಕಿಸಿರುತ್ತಾರೆ. ಸೊಪ್ಪಿನ ಭಾಷೆ ರೇಡಾರಿಗೆ ಯಾರೂ ಕಲಿಸಿಲ್ಲ.

ಚುನಾವಣೆ ಕಾಲದ ಕಟೌಟ್ ಇನ್ನೂ ಕಷ್ಟ. ಕ್ಯಾಮೆರಾ ಪ್ರಕಾರ ಕೈಮುಗಿದ ನಾಯಕರು ಎದುರಿಗೇ ಇದ್ದಾರೆ. ರೇಡಾರ್ ಪ್ರಕಾರ ಅಲ್ಲಿ ಯಾರೂ ಇಲ್ಲ. ಐದು ವರ್ಷ ತಾಳಿಕೊಂಡರೆ ರೇಡಾರಿನ ಮಾತೇ ಸಿದ್ಧಾಂತವೆಂದು ಮತದಾರರೂ ಒಪ್ಪುತ್ತಾರೆ.

ಆಯುಧಪೂಜೆಯ ಪ್ರಕರಣವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ರೇಡಾರ್ ಪೆಟ್ಟಿಗೆ ಇರುವುದು ಎಷ್ಟೋ ಕಾರುಗಳಲ್ಲಿ ಮೂತಿಯ ಲಾಂಛನದ ಹಿಂದೆ, ಇಲ್ಲವೇ ಬಂಪರಿನ ಜಾಲರಿಯ ಹಿಂದೆ. ಯಜಮಾನರು ಸರಿಯಾಗಿ ಅಲ್ಲೇ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಒತ್ತಿ, ನೀರು ಚಿಮುಕಿಸಿದ ಚೆಂಡುಹೂವಿನ ದಪ್ಪ ಹಾರವನ್ನು ಅಡ್ಡಲಾಗಿ ಕಟ್ಟುತ್ತಾರೆ. ಎರಡು ಬದಿಗೆ ಬಾಳೆಕಂದು. ಅಲೆಯ ಉದ್ದ ಸುಮಾರು 4 ಮಿಲಿಮೀಟರ್, ನೀರೆಂದರೆ ಅದಕ್ಕೆ ಆಗದು. ನಿಂಬೆಹಣ್ಣು ಚಕ್ರದಡಿ ಪಚಕ್ಕೆನ್ನುವ ಹೊತ್ತಿಗೆ ಪರದೆಯ ಮೇಲೆ ಸಂದೇಶ ಬರುತ್ತದೆ: ಮುಂದಿನ ರೇಡಾರಿಗೆ ಅಡ್ಡಿಯಾಗಿದೆ, ಸ್ವಚ್ಛಗೊಳಿಸಿ. ಕೆಟ್ಟ ಕಣ್ಣು ಬೀಳದಿರಲೆಂದು ಕಟ್ಟಿದ ಹಾರ ಕಾರಿನ ಕಣ್ಣಿಗೇ ಬಟ್ಟೆ ಕಟ್ಟಿತು.

ಈ ರಗಳೆಯೇ ಬೇಡವೆಂದು ಟೆಸ್ಲಾ 2021ರಲ್ಲಿ ಅಮೆರಿಕದ ಕೆಲವು ಮಾದರಿಗಳಿಂದ ರೇಡಾರನ್ನೇ ತೆಗೆದುಹಾಕಿತು. ಮರುವರ್ಷ ಅಲ್ಟ್ರಾಸಾನಿಕ್ ಸೆನ್ಸರ್‌ಗಳನ್ನೂ ಕೈಬಿಡತೊಡಗಿತು. ಪ್ರತ್ಯಕ್ಷವೊಂದೇ ಪ್ರಮಾಣವೆಂದ ಚಾರ್ವಾಕರಿಗೆ ಇಷ್ಟು ಶತಮಾನಗಳ ಮೇಲೆ ಟೆಕ್ಸಾಸಿನಲ್ಲೊಂದು ಮಠ ಸಿಕ್ಕಿತು. ಸಾಲ ಮಾಡಿ ತುಪ್ಪ ತಿನ್ನುವ ತತ್ತ್ವವನ್ನು ಕಾರು ಕೊಂಡವರು ಮೊದಲೇ ಪಾಲಿಸುತ್ತಿದ್ದರು.

ಅನುಮಾನ ಖಂಡ

ಹೊಗೆಯಿದ್ದಲ್ಲಿ ಬೆಂಕಿ ಎಂಬ ಕೆಡದ ನಿಯಮಕ್ಕೆ ವ್ಯಾಪ್ತಿ ಎಂದು ಹೆಸರು. ಕಾರಿನ ತಂತ್ರಾಂಶವೂ ಇಂಥ ವ್ಯಾಪ್ತಿಗಳ ಮೇಲೇ ನಿಂತಿದೆ.

ಮೊದಲನೆಯದು: ಇಂಡಿಕೇಟರ್ ಹಾಕದೆ ಗೆರೆ ದಾಟುವವನು ತೂಕಡಿಸುತ್ತಿದ್ದಾನೆ. ಆದಕಾರಣ ಸ್ಟೀರಿಂಗ್ ಹಿಡಿದೆಳೆದು ಅವನನ್ನು ಸಾಲಿನೊಳಕ್ಕೆ ತರಬೇಕು. ನಮ್ಮ ಚಾಲಕ ಗೆರೆ ದಾಟಿದ್ದು ಗುಂಡಿ ತಪ್ಪಿಸಲು. ಕಾರು ಅವನನ್ನು ಅಕ್ಕರೆಯಿಂದ ಗುಂಡಿಗೇ ಮರಳಿಸುತ್ತದೆ. ಹೇತು ಸರಿ, ಪಕ್ಷ ಸರಿ, ಆಕ್ಸಲ್ ಹೋಯಿತು.

ಎರಡನೆಯದು: ಮುಂದಿನ ವಾಹನಕ್ಕೂ ತನಗೂ ನಡುವೆ ಜಾಗವಿರಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡಿನ ಅಂತರವೆಂದರೆ ಸುಮಾರು 44 ಮೀಟರ್. ಬೆಂಗಳೂರಿನ ಹೊರವರ್ತುಲದಲ್ಲಿ 44 ಮೀಟರ್ ಖಾಲಿ ಬಿಟ್ಟರೆ ಅದನ್ನು ಯಾರೂ ಅಂತರ ಎನ್ನುವುದಿಲ್ಲ, ಸೈಟು ಎನ್ನುತ್ತಾರೆ. ಒಂದು ಆಟೋ ನುಗ್ಗುತ್ತದೆ. ಕಾರು ಬ್ರೇಕ್ ಒತ್ತಿ ಹೊಸ ಅಂತರ ಬಿಡುತ್ತದೆ. ಅಲ್ಲಿಗೊಂದು ಟೆಂಪೋ ಬರುತ್ತದೆ. ಹೀಗೇ ತರ್ಕಬದ್ಧವಾಗಿ ಹಿಂದೆ ಸರಿಯುತ್ತ ಹೋದರೆ ಕಾರು ಹೊರಟ ಮನೆಗೇ ತಲುಪಬೇಕು.

ಮೂರನೆಯದು: ರಸ್ತೆಗೆ ಗೆರೆಯಿರುತ್ತದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಈ ವ್ಯಾಪ್ತಿ ನಿಲ್ಲುತ್ತದೆ. ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರಾಕ್ಟರುಗಳಿಗೆ ಪ್ರವೇಶವೂ ಇಲ್ಲ. ಕೆಳಗಿಳಿದ ಕೂಡಲೇ ನಿಯಮ ಮುರಿಯುತ್ತದೆ. ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ಎಷ್ಟಿರಬೇಕೆಂದು ಊರಿನವರು ತೀರ್ಮಾನಿಸುತ್ತಾರೆ. ಬಣ್ಣ ಬಳಿಯದ ಹಂಪು ಕ್ಯಾಮೆರಾಗೆ ಡಾಂಬರು, ಬೆನ್ನಿಗೆ ಮಾತ್ರ ಹಂಪು.

ಗೆರೆಯನ್ನು ಅತಿಯಾಗಿ ನಂಬುವುದರ ಅಪಾಯವನ್ನೂ ಹೇಳಬೇಕು. ಜೇಮ್ಸ್ ಬ್ರೈಡಲ್ ಎಂಬ ಕಲಾವಿದ 2017ರಲ್ಲಿ ಗ್ರೀಸಿನ ಪಾರ್ನಾಸಸ್ ಬೆಟ್ಟದ ಕಡೆ ಉಪ್ಪಿನಲ್ಲಿ ಜೋಡಿ ವೃತ್ತ ಬರೆದ. ಹೊರಗೆ ತುಂಡುಗೆರೆ, ಒಳಗೆ ಅಖಂಡ ಗೆರೆ. ರಸ್ತೆ ನಿಯಮದಂತೆ ಒಳಗೆ ಬರಬಹುದು, ಹೊರಗೆ ಹೋಗುವಂತಿಲ್ಲ. ನಿಯಮ ಮೀರದ ಸ್ವಯಂಚಾಲಿತ ಕಾರಿಗೆ ಬೋನು. ಅಷ್ಟು ದೂರ ಹೋಗುವುದೇಕೆ? ಸಂಕ್ರಾಂತಿಯ ದಿನ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಗೃಹಿಣಿಯರು ರಂಗೋಲಿ ಹಿಟ್ಟಿನಲ್ಲೇ ಇಂಥ ಬೋನುಗಳನ್ನು ಮನೆಗೊಂದರಂತೆ ಬರೆದಿರುತ್ತಾರೆ.

ಶಬ್ದ ಖಂಡ

ಬಂಪರಿನ ಗುಂಡಿಯಾಕಾರದ ಸೆನ್ಸರ್‌ಗಳು ಕಿವಿಗೆ ಕೇಳದ ಶಬ್ದ ಹೊರಡಿಸಿ ಕೆಲವೇ ಮೀಟರ್ ದೂರ ಅಳೆಯುತ್ತವೆ. ಗೋಡೆ ಅವಕ್ಕೆ ತಿಳಿಯುತ್ತದೆ. ತೆಳು ಕಂಬಿ, ತಂತಿ, ಗಿಡ್ಡ ಕಲ್ಲು, ಹತ್ತಿ ಮೂಟೆ ಎಷ್ಟೋ ಸಲ ತಿಳಿಯುವುದಿಲ್ಲ. ಮತಾಂತರದಲ್ಲಿ ಲಾರಿ ಕ್ಲೀನರ್ ಇದ್ದಾನೆ. ಅವನು ಹಿಂದೆ ನಿಂತು ಬಾಡಿ ತಟ್ಟುತ್ತಾನೆ: "ಬರ್ಲಿ, ಬರ್ಲಿ, ಲೆಫ್ಟ್ ಕಟ್ ಮಾಡಣ್ಣಾ, ಬರ್ಲಿ, ಸಾಕ್ ಸಾಕ್ ಸಾಕ್, ಚರಂಡಿ ಐತೆ!" ಸೆನ್ಸರಿನ ಕೀಂಕೀಂ ಏನೋ ಇದೆ ಎನ್ನುತ್ತದೆ. ಚರಂಡಿ ಎಂದು ಹೆಸರು ಹಿಡಿದು ಹೇಳಿದವನು ಕ್ಲೀನರ್. ಅವನಿಗೆ ಅಳತೆಯ ಖರ್ಚಿಲ್ಲ, ಚಹಾ ಬನ್ನಿನ ಖರ್ಚುಂಟು.

ಆಗಮ ಖಂಡ

ಕೊನೆಯ ಪ್ರಮಾಣ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಪ್ಲಾಸ್ಟಿಕ್ ಕವರು ಬಿಚ್ಚದೆ ಮಲಗಿದೆ: ಮಾಲೀಕರ ಕೈಪಿಡಿ. ಇತರ ಆಗಮಗಳಂತೆ ಇದನ್ನೂ ಎಲ್ಲರೂ ಗೌರವಿಸುತ್ತಾರೆ, ಯಾರೂ ಓದುವುದಿಲ್ಲ. ಓದಿದರೆ ಆಶ್ಚರ್ಯ ಕಾದಿದೆ. ಮೇಲೆ ಖಂಡ ಖಂಡವಾಗಿ ಹೇಳಿದ್ದನ್ನು ಕಂಪನಿ ಮೊದಲೇ ಸಣ್ಣಕ್ಷರದಲ್ಲಿ ಒಪ್ಪಿಕೊಂಡಿರುತ್ತದೆ: ಮಳೆ, ಮಂಜು, ಕೆಸರು, ಎದುರುಬಿಸಿಲು, ಕಡಿದಾದ ತಿರುವು, ಮಾಸಿದ ಗೆರೆ, ನಿಂತ ವಾಹನ, ಪ್ರಾಣಿ, ಹೊರಚಾಚಿದ ಸರಕು ಇದ್ದಲ್ಲಿ ಸಹಾಯ ಸಿಗದೇ ಹೋಗಬಹುದು. ಇವಿಷ್ಟನ್ನೂ ಕಳೆದರೆ ಉಳಿಯುವುದು ಶೋರೂಮಿನ ಒಳಗಿನ ನೆಲ. ದೊಡ್ಡಕ್ಷರದಲ್ಲಿ ಮಾರಿದ್ದನ್ನು ಸಣ್ಣಕ್ಷರದಲ್ಲಿ ವಾಪಸ್ ಪಡೆಯುವ ಈ ಕ್ರಮಕ್ಕೆ ನಮ್ಮ ಪ್ರಾಚೀನರು ಹೆಸರಿಟ್ಟಿಲ್ಲ. ಅವರ ಕಾಲದಲ್ಲಿ ಟೆಸ್ಟ್ ಡ್ರೈವ್ ಇರಲಿಲ್ಲ.

ಸಿದ್ಧಾಂತ: ತಕ್ಕ ರಸ್ತೆಯಲ್ಲಿ, ತಕ್ಕ ಬೆಳಕಿನಲ್ಲಿ ಕಾರು ಚಾಲಕನಿಗಿಂತ ಬೇಗ ಬ್ರೇಕ್ ಒತ್ತೀತು, ಜೀವವನ್ನೂ ಉಳಿಸೀತು. ಅದನ್ನು ಅಲ್ಲಗಳೆಯುವವನು ಕುತರ್ಕಿ. ಆದರೆ ರಸ್ತೆ ತಕ್ಕದ್ದೋ ಅಲ್ಲವೋ ಎಂದು ತೀರ್ಮಾನಿಸುವ ಸೆನ್ಸರ್ ಈಗಲೂ ಸ್ಟೀರಿಂಗಿನ ಹಿಂದೆಯೇ ಕೂತಿದೆ. ಅದಕ್ಕೆ ನಿದ್ದೆ ಸಾಕಾಗಿರಬೇಕು, ಮೊಬೈಲ್ ಕೆಳಗಿರಬೇಕು.

ಫಲಶ್ರುತಿ

ಈ ಗ್ರಂಥವನ್ನು ನಿತ್ಯ ಪಾರಾಯಣ ಮಾಡುವವರಿಗೆ ನೋ ಕ್ಲೈಮ್ ಬೋನಸ್ ಉಳಿಯುವುದು, ಮಡ್‌ಗಾರ್ಡ್ ಚಿರಾಯುವಾಗುವುದು, ಸರ್ವಿಸ್ ಸೆಂಟರಿನ ದರ್ಶನ ವರ್ಷಕ್ಕೊಮ್ಮೆ ಮಾತ್ರ ಲಭಿಸುವುದು. ಕಾರು ಓಡಿಸುತ್ತಲೇ ಪಾರಾಯಣ ಮಾಡಿದವರಿಗೆ ಕಂಪನಿಯೂ ಹೊಣೆಯಲ್ಲ, ಗ್ರಂಥಕರ್ತನೂ ಹೊಣೆಯಲ್ಲ.