ಆರು ಹಾಸಿಗೆಯ ಮನೆ: ಒಂದು ಕಾಲ್ಪನಿಕ ಸಂದರ್ಶನ

ವಸತಿ ಬಡಾವಣೆಯ ಮಾಮೂಲು ಮನೆಯೊಂದರಲ್ಲಿ ಐದಾರು ಮಂದಿ ಹಿರಿಯರು, ಅಡುಗೆಯವರು ಮತ್ತು ಆರೈಕೆಯವರ ಜೊತೆ, ಒಂದೇ ಒಲೆಯ ಊಟ ಉಂಡುಕೊಂಡು ಇರುವ ಏರ್ಪಾಡೇ ಕಿರು ವೃದ್ಧಾಶ್ರಮ. ದೊಡ್ಡ ವೃದ್ಧಾಶ್ರಮಕ್ಕೆ ಊರಾಚೆ ಜಮೀನು ಬೇಕು, ಉದ್ಘಾಟನೆಗೆ ಮಂತ್ರಿ ಬೇಕು, ದಾನಿಗಳ ಹೆಸರು ಕೆತ್ತಲು ಕಲ್ಲು ಬೇಕು. ಇದಕ್ಕೆ ಖಾಲಿ ಬಿದ್ದ ಒಂದು ಮನೆ ಸಾಕು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅದಕ್ಕೇನೂ ಬರವಿಲ್ಲ. ಇಂಥದ್ದನ್ನು ತೆರೆಯುವಾಗ ಮಾಲೀಕರು, ಮಕ್ಕಳು, ಅಕ್ಕಪಕ್ಕದವರು, ಅಧಿಕಾರಿಗಳು ಎಲ್ಲರ ಅಭಿಪ್ರಾಯವನ್ನೂ ಕೇಳುವುದುಂಟು. ಹಿರಿಯರನ್ನು ಕೇಳುವುದು ಅಪರೂಪ, ಮನೆಯನ್ನಂತೂ ಯಾರೂ ಕೇಳಿದ್ದಿಲ್ಲ. ಹಾಗಾಗಿ ನಗರದ ದಕ್ಷಿಣ ಭಾಗದ 40×60 ಅಡಿ ನಿವೇಶನದಲ್ಲಿರುವ, ಗೇಟಿನ ಕಂಬದ ಮೇಲೆ 'ಮಾತೃಕೃಪಾ' ಎಂದು ಕೆತ್ತಿಸಿಕೊಂಡಿರುವ ಮನೆಯೊಂದನ್ನು ಸಂದರ್ಶಿಸಲಾಯಿತು. ಮನೆ ಉದ್ದಕ್ಕೂ ತನ್ನನ್ನು 'ಈ ಕಟ್ಟಡ' ಎಂದೇ ಕರೆದುಕೊಂಡಿತು. ಖಾತೆ, ಕಂದಾಯ, ಕ್ರಯಪತ್ರಗಳಲ್ಲಿ ಹಾಗೇ ಕರೆಸಿಕೊಂಡು ಬಂದ ಅಭ್ಯಾಸ.

ಪ್ರಶ್ನೆ: ತಾವು ಖಾಲಿಯಾದದ್ದು ಹೇಗೆ?

ಮನೆ: ಈ ಕಟ್ಟಡ ಖಾಲಿಯಾದದ್ದು ಕಂತುಕಂತಾಗಿ. ಮೊದಲು ಮಗ ಎಂ.ಎಸ್. ಮಾಡಲು ಹೋದ. ಆಮೇಲೆ ಮಗಳು ಮದುವೆಯಾಗಿ ಹೋದಳು. ಬಾಣಂತನಕ್ಕೆಂದು ತಾಯಿಯನ್ನು ನ್ಯೂಜೆರ್ಸಿಗೆ ಕರೆಸಿಕೊಂಡರು. ಒಂದು ಬಾಣಂತನ ಮುಗಿಸಿ ಬರುವಷ್ಟರಲ್ಲಿ ಇನ್ನೊಂದಕ್ಕೆ ಟಿಕೆಟ್ ಬಂತು. ಯಜಮಾನರು ತೀರಿಕೊಂಡ ಮೇಲೆ ಆಕೆ ಮೂರು ಕೋಣೆಗೆ ಬೀಗ ಹಾಕಿ, ಹಾಲಿನಲ್ಲಿ ದಿವಾನದ ಮೇಲೆ ಮಲಗಿಕೊಂಡು, ಹಲವು ವರ್ಷ ಒಬ್ಬರೇ ಇದ್ದರು. ಬಡಾವಣೆಯ ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. ಒಬ್ಬ ಮುದುಕಿ ಒಂಟಿಯಾಗಿದ್ದರೆ ಅದು ಸಂಸಾರಸ್ಥರ ಮನೆ. ಆರು ಮಂದಿ ಜೊತೆಗಿದ್ದರೆ ಸಂಸ್ಥೆ.

ಪ್ರಶ್ನೆ: ಹಾಗಾದರೆ, ಆರು ಮಂದಿ ಹಿರಿಯರನ್ನು ಇರಿಸಿಕೊಂಡ ಮೇಲೆ, ಕಾನೂನಿನ ದೃಷ್ಟಿಯಲ್ಲಿ ತಾವೀಗ ಏನು?

ಮನೆ: ಅದನ್ನೇ ಕೇಳಿಕೊಂಡು ಈ ಕಟ್ಟಡದ ಫೈಲು ಮೇಜಿಂದ ಮೇಜಿಗೆ ಓಡಾಡುತ್ತಿದೆ. ಪೋಷಕರ ಮತ್ತು ಹಿರಿಯ ನಾಗರಿಕರ ಕಲ್ಯಾಣಕ್ಕೆಂದು 2007ರಲ್ಲಿ ಆದ ಕಾಯ್ದೆಯಲ್ಲಿ ವೃದ್ಧಾಶ್ರಮದ ಮಾತು 19ನೇ ಕಲಮಿನಲ್ಲಿದೆ. ಜಿಲ್ಲೆಗೆ ಕನಿಷ್ಠ ಒಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕರಿಗೆ ಆಗುವಂಥದ್ದನ್ನು ರಾಜ್ಯ ಸರ್ಕಾರ ಕಟ್ಟಬಹುದು ಎನ್ನುತ್ತದೆ. ಇಲ್ಲಿರುವವರು ಆರು ಮಂದಿ. ಕೇಂದ್ರದ ಅನುದಾನ ಕೇಳೋಣವೆಂದರೆ ಸಾಮಾನ್ಯ ವೃದ್ಧಾಶ್ರಮಕ್ಕೆ ಅದರ ಲೆಕ್ಕ ಶುರುವಾಗುವುದೇ 25 ಮಂದಿಯಿಂದ. ಚಿಕಿತ್ಸೆ ಕೊಡುವುದಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಅಡ್ಡ ಬರುತ್ತದೆ. ಆದರೆ ಇಲ್ಲಿ ಕೊಡುವುದು ಮಾತ್ರೆ, ಅದೂ ಬೇರೆಯವರು ಬರೆದದ್ದು. ಹೋಟೆಲ್ ಅಲ್ಲ, ಆಸ್ಪತ್ರೆ ಅಲ್ಲ, ಪಿ.ಜಿ. ಅಲ್ಲ. ಒಬ್ಬ ಅಧಿಕಾರಿ ಕೊನೆಗೆ ಫೈಲಿನ ಮೇಲೆ 'ಇತರೆ' ಎಂದು ಬರೆದರು. ಗೃಹಪ್ರವೇಶವಾದಾಗಿನಿಂದ ಈ ಕಟ್ಟಡಕ್ಕೆ ಇಷ್ಟು ನಿಖರವಾದ ವಿವರಣೆ ಸಿಕ್ಕಿರಲಿಲ್ಲ.

ಕಾನೂನಿನ ಈ ಗೊಂದಲವನ್ನು ಸರಿಪಡಿಸುವ ಪ್ರಯತ್ನವೇ ನಡೆಯಲಿಲ್ಲ ಎನ್ನುವಂತಿಲ್ಲ. ಹಿರಿಯರ ಆರೈಕೆ ಮನೆಗಳೆಲ್ಲ ನೋಂದಣಿಯಾಗಬೇಕು, ಕನಿಷ್ಠ ಗುಣಮಟ್ಟ ಇರಬೇಕು ಎನ್ನುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು. ಸ್ಥಾಯಿ ಸಮಿತಿಗೆ ಹೋಗಿ ಬಂತು. 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಅದರ ಜೊತೆಗೇ ಮುಗಿಯಿತು. ಕಾಯ್ದೆಯಲ್ಲಿ 60 ತುಂಬಿದವರು ಹಿರಿಯ ನಾಗರಿಕರು; 2011ರ ಜನಗಣತಿಯಂತೆ ಕರ್ನಾಟಕದ ಜನರಲ್ಲಿ ಅವರು ಶೇ. 9.5. ಇವರೆಲ್ಲ 150ರ ಗುಂಪು ಕಟ್ಟಿಕೊಂಡೇ ಮುದುಕರಾಗುತ್ತಾರೆ ಎಂಬ ನಂಬಿಕೆ ಶಾಸನಸಭೆಗಳಿಗೆ ಇರಬೇಕು.

ಪ್ರಶ್ನೆ: ಬಡಾವಣೆಯ ಸಂಘದ ಆಕ್ಷೇಪಣೆ ಏನು?

ಮನೆ: ಎರಡು ಪುಟದ ಅರ್ಜಿ ಬಂದಿದೆ. ಆಂಬ್ಯುಲೆನ್ಸ್ ಸದ್ದು, ಪಾರ್ಕಿಂಗ್, ಡಯಾಪರ್ ಕಸ, ಬೆಳಬೆಳಿಗ್ಗೆ ಹೆಣ ನೋಡಬೇಕಾಗುವುದು, ಎಲ್ಲಕ್ಕಿಂತ ಹೆಚ್ಚಾಗಿ ಸೈಟಿನ ರೇಟು ಬೀಳುವುದು. ಬೀದಿಯ ತುದಿಯಲ್ಲಿ ಮೂರಂತಸ್ತಿನ ಪಿ.ಜಿ. ಇದೆ. ಅಲ್ಲಿನ ಹುಡುಗರ ಬೈಕುಗಳು ಫುಟ್‌ಪಾತನ್ನೆಲ್ಲ ಆಕ್ರಮಿಸಿವೆ, ಅದರ ಬಗ್ಗೆ ಅರ್ಜಿ ಇಲ್ಲ. ಇಲ್ಲಿರುವ ಆರು ಮಂದಿಯಲ್ಲಿ ಗಾಡಿ ಓಡಿಸುವವರು ಯಾರೂ ಇಲ್ಲ, ಅವರ ಪಾರ್ಕಿಂಗಿಗೆ ಅರ್ಜಿ ಇದೆ. ಸಹಿ ಹಾಕಿದ ಪದಾಧಿಕಾರಿಗಳೆಲ್ಲ ನಿವೃತ್ತರು. 2020ರ ಮಾರ್ಚಿನಲ್ಲಿ ರೈಲಿನಲ್ಲಿ ಹಿರಿಯರ ರಿಯಾಯಿತಿ ನಿಂತಾಗ ಹಿರಿಯ ನಾಗರಿಕರಿಗೆ ಅನ್ಯಾಯವಾಯಿತೆಂದು ಪತ್ರ ಬರೆದವರೂ ಇವರೇ. ರೈಲಿನೊಳಗೆ ಹಿರಿಯರು, ಬೀದಿಯಲ್ಲಿ ನಿವಾಸಿಗಳು.

ಪ್ರಶ್ನೆ: ಅವರ ಭಯದಲ್ಲಿ ಹುರುಳೇ ಇಲ್ಲವೇ?

ಮನೆ: ಡಯಾಪರ್ ವಿಷಯದಲ್ಲಿ ಇದೆ. ಅದನ್ನು ಭದ್ರವಾಗಿ ಸುತ್ತಿ, ಹಸಿ ಕಸಕ್ಕೆ ಬೆರೆಸದೆ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಇಲ್ಲಿ ಮೊದಮೊದಲು ಹಸಿ ಕಸದ ಬಕೆಟ್ಟಿಗೇ ಹಾಕುತ್ತಿದ್ದರು. ಪೌರಕಾರ್ಮಿಕ ಮಹಿಳೆ ಬೈದ ಮೇಲೆ ಸರಿಹೋಯಿತು. ಸಂಘದ ಎರಡು ಪುಟಕ್ಕಿಂತ ಆಕೆಯ ಎರಡು ಮಾತು ಹೆಚ್ಚು ಕೆಲಸ ಮಾಡಿತು.

ಹೋಲಿಕೆಗೆ ಜಪಾನನ್ನು ನೋಡಬಹುದು. ಮರೆವಿನ ಕಾಯಿಲೆಯವರಿಗೆಂದೇ ಅಲ್ಲಿ ಗುಂಪುಮನೆಗಳಿವೆ. ಒಂದು ಘಟಕಕ್ಕೆ 5ರಿಂದ 9 ಮಂದಿ, ಖರ್ಚಿನ ದೊಡ್ಡ ಪಾಲು 2000ದಲ್ಲಿ ಜಾರಿಗೆ ಬಂದ ದೀರ್ಘಕಾಲದ ಆರೈಕೆ ವಿಮೆಯದು. ಇಂಥ ಮನೆ ಜನವಸತಿಯ ನಡುವೆಯೇ ಇರಬೇಕು, ಸುಮಾರು ಎರಡು ತಿಂಗಳಿಗೊಮ್ಮೆ ನೆರೆಹೊರೆಯವರನ್ನೂ ಕೂರಿಸಿಕೊಂಡು ಸಭೆ ನಡೆಸಬೇಕು ಎನ್ನುವುದು ಅಲ್ಲಿಯ ನಿಯಮ. ಇಲ್ಲಿ ಸಭೆ ನಡೆಯುತ್ತಿದೆ, ಮನೆಯವರನ್ನು ಕರೆಯದೆ.

ಪ್ರಶ್ನೆ: ಹಿರಿಯರಿಗಾಗಿ ತಮ್ಮಲ್ಲಿ ಏನೇನು ಬದಲಾವಣೆ ಮಾಡಬೇಕಾಯಿತು?

ಮನೆ: ಈ ಕಟ್ಟಡದ ನೆಲ ಅಂಗಳಕ್ಕಿಂತ ಎರಡಡಿ ಎತ್ತರ. ಗಾಲಿಕುರ್ಚಿ ಹತ್ತಬೇಕಾದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು, ಅಂದರೆ 24 ಅಡಿ. ಗೇಟಿನಿಂದ ಬಾಗಿಲಿಗೆ ಅದರ ಅರ್ಧವೂ ಇಲ್ಲ. ಇಳಿಜಾರನ್ನು ಈಶಾನ್ಯದ ಕಡೆಯಿಂದ ತಿರುಗಿಸಬೇಕೆಂದಾಗ ವಾಸ್ತು ನೋಡುವವರು ಈಶಾನ್ಯಕ್ಕೆ ಭಾರ ಕೂಡದು ಎಂದರು. ಮುದುಕರ ಭಾರವೂ ಲೆಕ್ಕಕ್ಕೆ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಹೊಸಿಲು. ಹೊನ್ನೆ ಮರದ್ದು, ಎರಡಂಗುಲ ಎತ್ತರ, ನಡುವೆ ಕಾಲು ತಗುಲಿ ತಗುಲಿ ಸವೆದಿದೆ, ಶುಕ್ರವಾರದ ಅರಿಶಿನ ಕುಂಕುಮ ಸಂದಿಯಲ್ಲಿ ಗಟ್ಟಿಯಾಗಿ ಕೂತಿದೆ. ನಡೆಯುವವರ ಕಾಲು ಎಡವುವುದು ಅಲ್ಲೇ, ಗಾಲಿಕುರ್ಚಿ ನಿಲ್ಲುವುದೂ ಅಲ್ಲೇ. ಕೊಯ್ದುಹಾಕಲು ಬಡಗಿ ಒಪ್ಪಲಿಲ್ಲ: "ಹೊಸಿಲು ತೆಗೆದ ಮನೆಯಲ್ಲಿ ಲಕ್ಷ್ಮಿ ನಿಲ್ಲಲ್ಲ ಸಾಮಿ." ಎರಡೂ ಕಡೆ ಮರದ ಚಕ್ಕೆ ಹೊಡೆದು ಇಳಿಜಾರು ಮಾಡಿಕೊಟ್ಟ. ಲಕ್ಷ್ಮಿಯೂ ಇದ್ದಾಳೆ, ಗಾಲಿಯೂ ಉರುಳುತ್ತದೆ. ಈ ಕಟ್ಟಡಕ್ಕೆ ಬಂದ ಎಂಜಿನಿಯರುಗಳಲ್ಲಿ ಅವನೇ ವಾಸಿ.

ಬಚ್ಚಲ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಒಳಗೆ ಯಾರಾದರೂ ಬಿದ್ದರೆ ಅವರ ದೇಹವೇ ಬಾಗಿಲಿಗೆ ಅಡ್ಡ. ಹೊರಗಿನವರು ತಳ್ಳಿದಷ್ಟೂ ಬಿದ್ದವರಿಗೆ ಪೆಟ್ಟು. ಅದನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಲಾಯಿತು. ಇದಕ್ಕೆ ಆದ ಖರ್ಚು ಹಾಲಿನ ಹೊಸ ಟಿ.ವಿ.ಗಿಂತ ಬಹಳ ಕಡಿಮೆ. ಜಾಹೀರಾತಿನಲ್ಲಿ ಇರುವುದು ಟಿ.ವಿ. ಮಾತ್ರ.

ಪ್ರಶ್ನೆ: ಸೇರಿಸಿಕೊಳ್ಳುವಾಗ ಏನು ನೋಡುತ್ತಾರೆ?

ಮನೆ: ಅರ್ಜಿ ನಮೂನೆಯ ಮೊದಲ ಪ್ರಶ್ನೆ, ಶುದ್ಧ ಸಸ್ಯಾಹಾರಿಯೇ? ಕೇಳುವವರಿಗೆ ತಿಳಿಯಬೇಕಾದದ್ದು ಊಟವಲ್ಲ ಎಂದು ಕೇಳಿಸಿಕೊಂಡವರಿಗೆ ಗೊತ್ತು. ಇಬ್ಬರೂ ಊಟದ ವಿಷಯವನ್ನೇ ಮಾತಾಡುತ್ತಾರೆ. ಹಾಗಾಗಿ ಇಲ್ಲಿ ಮುದ್ದೆ ಮಾಡಿದರೂ ಅದರ ಜೊತೆಗೆ ಬರುವುದು ಬೇಳೆ ಹುಳಿ. ಒಬ್ಬ ಅಜ್ಜಿಗೆ ವೈದ್ಯರು ದಿನಕ್ಕೊಂದು ಮೊಟ್ಟೆ ಬರೆದರು. ಅದು ಬೀದಿಯ ಇಸ್ತ್ರಿಯವರ ಮನೆಯಲ್ಲಿ ಬೆಂದು, ಕಾಗದ ಸುತ್ತಿಕೊಂಡು, ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದರ ಹೆಸರು 'ಟಾನಿಕ್'.

ಪ್ರಶ್ನೆ: ಮಾಸಿಕ ಶುಲ್ಕ?

ಮನೆ: ಅದನ್ನು ಫೋನಿನಲ್ಲಿ ಹೇಳುವುದಿಲ್ಲ, ಬಂದು ನೋಡಿ ಎನ್ನುತ್ತಾರೆ.

ಶುಲ್ಕದ ಬಗ್ಗೆ ಒಂದು ವಿಷಯ ತಿಳಿದಿರುವುದು ಒಳ್ಳೆಯದು. ಆದಾಯ ತೆರಿಗೆಯ ಅಡಿ ನೋಂದಾಯಿತ ಧರ್ಮಸಂಸ್ಥೆ ನಡೆಸುವ ವೃದ್ಧಾಶ್ರಮಕ್ಕೆ, ಊಟ ವಸತಿ ನಿರ್ವಹಣೆ ಸೇರಿ ತಲೆಗೆ ತಿಂಗಳಿಗೆ 25,000 ರೂಪಾಯಿವರೆಗೆ ಜಿ.ಎಸ್‌.ಟಿ. ವಿನಾಯಿತಿಯನ್ನು 2018ರಲ್ಲಿ ಕೊಡಲಾಯಿತು. ಬಾಡಿಗೆ ಮನೆಯಲ್ಲಿ ವ್ಯವಹಾರವಾಗಿ ನಡೆಯುವ ಆರು ಹಾಸಿಗೆಯವು ಈ ಸಾಲಿಗೆ ಸೇರುವುದಿಲ್ಲ.

ಪ್ರಶ್ನೆ: ಇಷ್ಟೊತ್ತೂ ತಪ್ಪೆಲ್ಲ ಬೇರೆಯವರದ್ದಾಯಿತು. ತಮ್ಮ ಒಳಗಿನದು?

ಮನೆ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಹಗಲು ಇಲ್ಲಿ ಅಡುಗೆಯವರು, ಕಸಮುಸುರೆಯವರು, ಇಬ್ಬರು ಅಟೆಂಡರ್‌ಗಳು ಇರುತ್ತಾರೆ. ನೋಡಲು ಬರುವವರು ಭಾನುವಾರ ಹನ್ನೊಂದು ಗಂಟೆಗೆ ಬರುತ್ತಾರೆ. ಆ ಹೊತ್ತಿಗೆ ಎಲ್ಲರಿಗೂ ತಲೆ ಬಾಚಿರುತ್ತದೆ. ರಾತ್ರಿ ಆರು ಮಂದಿಗೆ ಒಬ್ಬಳೇ ಹುಡುಗಿ. ಏಜೆನ್ಸಿಯವರು ಒಡಿಶಾದಿಂದ ಕರೆತಂದವಳು, ಹಗಲಿನ ಪಾಳಿಯನ್ನೂ ಅವಳೇ ಮಾಡಿರುತ್ತಾಳೆ. ಅಜ್ಜಿಯರ ಕನ್ನಡ ಅವಳಿಗೆ ಬಾರದು, ಅವಳ ಒಡಿಯಾ ಇವರಿಗೆ ಬಾರದು. ಒಂಬತ್ತಕ್ಕೆ ಎಲ್ಲರಿಗೂ ಡಯಾಪರ್ ಹಾಕುತ್ತಾಳೆ, ಎದ್ದು ಬಚ್ಚಲಿಗೆ ನಡೆಯಬಲ್ಲವರಿಗೂ. ನಡೆದರೆ ಬೀಳುತ್ತಾರೆ, ಬಿದ್ದರೆ ಅವಳ ಕೆಲಸ ಹೋಗುತ್ತದೆ. ಆರು ತಿಂಗಳು ಹೀಗೆ ಮಲಗಿದವರು ಆಮೇಲೆ ನಿಜವಾಗಿಯೂ ನಡೆಯುವುದಿಲ್ಲ. ಅದಕ್ಕೆ 'ವಯಸ್ಸಾಯಿತು' ಎನ್ನುತ್ತಾರೆ. ಕಾನೂನಿನಲ್ಲಿ ಈ ಕಟ್ಟಡಕ್ಕೆ ಹೆಸರಿಲ್ಲದಿರುವುದು ನಡೆಸುವವರಿಗೆ ಬರೀ ಕಷ್ಟವಲ್ಲ, ಅನುಕೂಲವೂ ಹೌದು. 'ಇತರೆ'ಯನ್ನು ತಪಾಸಣೆ ಮಾಡಲು ಯಾರೂ ಬರುವುದಿಲ್ಲ.

ಪ್ರಶ್ನೆ: ಸಾವು ಸಂಭವಿಸಿದಾಗ?

ಮನೆ: ಆಗ ಈ ಕಟ್ಟಡ ಏನು ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಜನನ ಮರಣ ನೋಂದಣಿ ಕಾಯ್ದೆ 1969ರದು. ಮನೆಯಲ್ಲಿ ಸತ್ತರೆ ಯಜಮಾನ, ಆಸ್ಪತ್ರೆಯಲ್ಲಿ ಸತ್ತರೆ ವೈದ್ಯಾಧಿಕಾರಿ ತಿಳಿಸಬೇಕು. ಇವೆರಡೂ ಅಲ್ಲದ ಜಾಗಗಳನ್ನು 8ನೇ ಕಲಮಿನಲ್ಲಿ ಪಟ್ಟಿ ಮಾಡಿದ್ದಾರೆ: ಛತ್ರ, ಹಾಸ್ಟೆಲು, ಧರ್ಮಶಾಲೆ, ವಸತಿಗೃಹ, ಪಾನಗೃಹ, ಬ್ಯಾರಕು, ಹೆಂಡದಂಗಡಿ. ವೃದ್ಧಾಶ್ರಮದ ಹೆಸರಿಲ್ಲ. ಕುಡಿಯುವವರು ಅಂಗಡಿಯಲ್ಲಿ ಸಾಯಬಹುದೆಂದು ಊಹಿಸಿದವರಿಗೆ, ಮುದುಕರು ಮಗನ ಮನೆಯಲ್ಲದೆ ಬೇರೆಲ್ಲಾದರೂ ಸಾಯಬಹುದೆಂದು ಹೊಳೆದಿರಲಿಲ್ಲ.

ಕೆಲಸದ ಮಾತೆಂದರೆ, 21 ದಿನದೊಳಗೆ ನೋಂದಣಿಗೆ ತಿಳಿಸಬೇಕು, ಕಾರಣ ಬರೆದುಕೊಡಲು ಆ ಹಿರಿಯರನ್ನು ನೋಡುತ್ತಿದ್ದ ವೈದ್ಯರು ಬೇಕು. ರಾತ್ರಿ ಎರಡು ಗಂಟೆಗೆ ಹುಡುಕಿದರೆ ಸಿಗುವವರಲ್ಲ. ಮೊದಲೇ ಗೊತ್ತು ಮಾಡಿಟ್ಟಿರದ ಮನೆಗಳಲ್ಲಿ, ಪ್ರಾಣ ಹೋದವರನ್ನು ಆಂಬ್ಯುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದು, 'ಪ್ರಾಣ ಹೋಗಿದೆ' ಎಂದು ಹೇಳಿಸಿಕೊಂಡು ಬರುವ ಪಾಡು. ಸಂಘದವರ ಅರ್ಜಿಯಲ್ಲಿದ್ದ ಸೈರನ್ನಿನಲ್ಲಿ ಇದರ ಪಾಲೂ ಇದೆ.

ಪ್ರಶ್ನೆ: ಹಿರಿಯರನ್ನು ಇಂಥ ಮನೆಗೆ ಸೇರಿಸಬೇಕೆಂದಿರುವವರಿಗೆ ತಮ್ಮ ಸಲಹೆ?

ಮನೆ: ಭಾನುವಾರ ಬರಬೇಡಿ. ವಾರದ ನಡುವೆ, ರಾತ್ರಿ ಒಂಬತ್ತಕ್ಕೆ, ಹೇಳದೆ ಬನ್ನಿ. ಹಾಲಿನ ಟಿ.ವಿ. ನೋಡಬೇಡಿ, ಬಚ್ಚಲ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ನೋಡಿ. ರಾತ್ರಿ ಎಚ್ಚರವಾಗಿರುವವರು ಎಷ್ಟು ಜನ, ಅವರು ಹಗಲು ಮಲಗುತ್ತಾರೆಯೇ, ಯಾವ ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಸೇರಬೇಕಾದವರನ್ನೇ ಕರೆತಂದು ಒಂದು ಹೊತ್ತು ಊಟ ಮಾಡಿಸಿ, ಅವರು ಬೇಡವೆಂದರೆ ವಾಪಸ್ ಕರೆದುಕೊಂಡು ಹೋಗಿ. ದೂರು ಕೊಡಬೇಕಾದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಕರೆ ಉಚಿತ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಈ ಕಟ್ಟಡದಲ್ಲಿ ಹಿರಿಯರು ಬೀಳುವುದು ಹೆಚ್ಚಾಗಿ ಅದಾದ ಮೇಲೆ.